ಭೀಮರಾಜನ ಚಿಮ್ಮುಬುಗ್ಗೆಯೂ ಮೋಟಾರ್ ಅಪ್ಪಯ್ಯಣ್ಣನೂ

ದೊಡ್ಡಬೆಳವಂಗಲದ ಸುತ್ತಮುತ್ತ ಯಾರ ಬೋರಿನಲ್ಲಿ ಎಷ್ಟು ಅಡಿಗೆ ನೀರಿದೆ ಅನ್ನೋದು ಇಬ್ಬರಿಗೆ ಮಾತ್ರ ಗೊತ್ತು. ಒಬ್ಬ ಭಗವಂತ, ಇನ್ನೊಬ್ಬ ಮೋಟಾರ್ ಅಪ್ಪಯ್ಯಣ್ಣ. ಭಗವಂತ ಬಾಯಿ ಬಿಡುವುದಿಲ್ಲ, ಅಪ್ಪಯ್ಯಣ್ಣ ಬಾಯಿ ಮುಚ್ಚುವುದಿಲ್ಲ. ವ್ಯತ್ಯಾಸ ಅಷ್ಟೇ.

ಮೂವತ್ತೊಂದು ವರ್ಷದಿಂದ ಅವನ ಕಸುಬು ಒಂದೇ. ಸುಟ್ಟುಹೋದ ಮೋಟಾರನ್ನು ಬೋರಿನಿಂದ ಮೇಲೆತ್ತುವುದು, ರಿಪೇರಿ ಮಾಡಿ ಮತ್ತೆ ಇಳಿಸುವುದು. ಬಸ್ ಸ್ಟಾಪಿನ ಎದುರು ಹತ್ತಡಿ ಅಗಲದ ಅಂಗಡಿ. ಮುಂದೆ ಪೈಪು, ಹಿಂದೆ ತಾಮ್ರದ ತಂತಿ, ನಡುವೆ ಒಂದು ಸ್ಟೂಲು. ಎಡಗೈಯ ಕಿರುಬೆರಳು ಚೈನ್ ಪುಲ್ಲಿಯ ಪಾಲಾಗಿ ಬಹಳ ಕಾಲವಾಯಿತು. ಯಾರಾದರೂ ಅಯ್ಯೋ ಅಂದರೆ, "ಉಳಿದಿರೋ ಒಂಬತ್ತು ನಿನ್ನ ಹತ್ತಕ್ಕಿಂತ ಜಾಸ್ತಿ ದುಡೀತವೆ, ನಿನ್ನ ಕೈ ನೋಡ್ಕೋ" ಅನ್ನುತ್ತಾನೆ. ಇಂಥ ನಾಲಿಗೆ ಇಟ್ಟುಕೊಂಡು ಅಂಗಡಿ ನಡೆಸಬೇಕಾದರೆ ಕೈಯಲ್ಲಿ ಕೆಲಸ ಗಟ್ಟಿ ಇರಬೇಕು. ಇತ್ತು. ಮದುವೆ ಮನೆಗೆ ಅವನನ್ನು ಕರೆಯದವರೂ ಮೋಟಾರ್ ನಿಂತ ದಿನ ಚಪ್ಪಲಿ ಮರೆತು ಓಡಿಬರುತ್ತಿದ್ದರು.

ಅವನಿಗೆ ತಾತ್ಸಾರವಿಲ್ಲದ ಮನುಷ್ಯ ಇರಲಿಲ್ಲ. ಆದರೆ ಎಲ್ಲರಿಗೂ ಒಂದೇ ತೂಕದ ತಾತ್ಸಾರವಲ್ಲ. ನೀರಿಲ್ಲದ ಬೋರಿನಲ್ಲಿ ಮೋಟಾರ್ ಓಡಿಸಿ ಸುಟ್ಟವನಿಗೆ ಒಂದು ಸಣ್ಣ ಥೂ. ಬತ್ತಿದ ಬೋರಿಗೆ ಮುಚ್ಚಳ ಹಾಕದೆ ಗೋಣಿಚೀಲ ಹೊದಿಸಿ ಕಲ್ಲು ಹೇರಿ ಕೈತೊಳೆದುಕೊಂಡವನಿಗೆ ಸ್ವಲ್ಪ ದೊಡ್ಡದು. ತೆಂಗಿನಕಾಯಿಯಲ್ಲಿ ನೀರು ನೋಡುವವರಿಗೆ ಮಾತ್ರ ಹೊಟ್ಟೆಯಾಳದಿಂದ ಎತ್ತಿದ ಥೂ.

ಆ ಕೊನೆಯ ಗುಂಪಿಗೆ ಹಿರಿಯ ಪಾಪಯ್ಯ. ಅಂಗೈ ಮೇಲೆ ಕಾಯಿ ಮಲಗಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ಹೊಲದ ತುಂಬ ನಡೆಯುತ್ತಾನೆ. ಕಾಯಿ ಎದ್ದು ನಿಂತ ಕಡೆ ಸುಣ್ಣದ ಗುರುತು. ಅದೇ ಪಾಯಿಂಟು. ನೀರು ಬಂದರೆ ಪಾಪಯ್ಯನ ಕೈಗುಣ, ಬಾರದಿದ್ದರೆ ಹೊಲದವನ ಕರ್ಮ. ಇಷ್ಟು ಅನುಕೂಲದ ಗ್ಯಾರಂಟಿ ಬೇರೆ ಯಾವ ಸರಕಿಗೂ ಇಲ್ಲ.

ಅಪ್ಪಯ್ಯಣ್ಣನಿಗೆ ಕಾಯಿ ಬೇಕಿರಲಿಲ್ಲ. ಮೂವತ್ತೊಂದು ವರ್ಷ ಎತ್ತಿ ಇಳಿಸಿ, ಯಾವ ಬೋರಿನಲ್ಲಿ ಎಷ್ಟನೇ ಪೈಪಿಗೆ ನೀರು ಸಿಕ್ಕಿತು ಅನ್ನೋದು ಅವನ ತಲೆಯಲ್ಲೇ ಕೂತಿತ್ತು. ನಮ್ಮ ಕಡೆಯದು ಕರಿಕಲ್ಲಿನ ನೆಲ. ಕಲ್ಲಿನಲ್ಲಿ ನೀರು ಹುಟ್ಟುವುದಿಲ್ಲ, ಕಲ್ಲಿನ ಬಿರುಕಿನಲ್ಲಿ ಅಡಗಿ ಕೂತಿರುತ್ತೆ. ಆ ಬಿರುಕುಗಳು ಹೊಲದಿಂದ ಹೊಲಕ್ಕೆ ನೆಟ್ಟಗೆ ಹೋಗುತ್ತವೆ. ಅವನು ಅದನ್ನು 'ಗೆರೆ' ಅನ್ನುತ್ತಿದ್ದ.

ಅವನ ಅಕ್ಕ ಪಿಳ್ಳಮ್ಮ ಎರಡು ಎಕರೆ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳ ಸಾಕುವವಳು. ಆ ವರ್ಷ ಅವಳ ಹಳೆಯ ಬೋರು ನೀರಿಗಿಂತ ಗಾಳಿಯನ್ನೇ ಜಾಸ್ತಿ ಎತ್ತತೊಡಗಿತು. ಮನೆಯಲ್ಲಿ ಹುಳ ಪೊರೆ ಕಳಚುವ ನಾಲ್ಕನೇ ಜ್ವರ ಕಳೆದು ಎದ್ದಿದ್ದವು, ಹಗಲೂ ರಾತ್ರಿ ಸೊಪ್ಪು ಮೇಯುವ ಕಾಲ. ಈ ಬೆಳೆಗೆ ಸೊಪ್ಪಿತ್ತು. ಕೊಯ್ದ ಗಿಡ ಮತ್ತೆ ಚಿಗುರಬೇಕಾದರೆ ನೀರು ಬೇಕಿತ್ತು. ಇಲ್ಲದಿದ್ದರೆ ಹದಿನಾಲ್ಕು ವರ್ಷದ ತೋಟ ಸೌದೆ.

ಪಾಪಯ್ಯ ತಾನಾಗಿಯೇ ಕಾಯಿ ಹಿಡಿದು ಬಂದ. ಪಿಳ್ಳಮ್ಮ ಕಾಯಿ ಇಸಕೊಂಡು ಒಳಗಿಟ್ಟು, ಕಾಫಿ ಕೊಟ್ಟು ಕಳಿಸಿದಳು. ಮಾರನೇ ದಿನ ಆ ಕಾಯಿ ಚಟ್ನಿಯಾಯಿತು. "ನನ್ನ ತಮ್ಮ ಹೊಂಗೆಮರದ ಮೂಲೆ ತೋರ್ಸವ್ನೆ. ಆರುನೂರಿಪ್ಪತ್ತು ಅಡಿಗೆ ನೀರು ಸಿಗುತ್ತೆ ಅಂದವ್ನೆ" ಎಂದು ಊರಿಗೆಲ್ಲ ಹೇಳಿದಳು. ಹೀಗೆ ಅಕ್ಕನ ತೋಟದ ಜೊತೆಗೆ ತಮ್ಮನ ಮೂವತ್ತೊಂದು ವರ್ಷದ ಬಾಯಿಯೂ ಆ ತೂತಿಗೆ ಇಳಿಯಿತು.

ಬೆಳಿಗ್ಗೆ ಆರಕ್ಕೆ ಬೋರ್ ಗಾಡಿ ಶುರುವಾಯಿತು. ಗಾಡಿಯ ಮೇಸ್ತ್ರಿ ತಮಿಳುನಾಡಿನ ತಿರುಚೆಂಗೋಡಿನ ಮುತ್ತುವೇಲು. ನಮ್ಮ ತಾಲ್ಲೂಕಿನ ನೆಲವನ್ನು ನಮಗಿಂತ ಚೆನ್ನಾಗಿ ಕಂಡವನು, ಅದೂ ಒಳಗಿನಿಂದ. ನೂರು, ಇನ್ನೂರು, ನಾನೂರು ಅಡಿ ಹೋದರೂ ಬರೀ ಬಿಳಿ ಧೂಳು. ಹೊಂಗೆಮರ ಮೈದಾ ಮೆತ್ತಿಕೊಂಡ ಹಾಗೆ ನಿಂತಿತ್ತು. ಐನೂರು ದಾಟಿದ್ದೇ ತಡ, ಬೇಲಿಯಾಚೆ ಎರಡನೇ ಹೊಲದಿಂದ ದೊಡ್ಡ ಕೂಗು ಎದ್ದಿತು.

ಅದು ಭೀಮರಾಜನ ಹೊಲ. ಮೂರು ವರ್ಷದ ಹಿಂದೆ ಬತ್ತಿದ ಅವನ ಬೋರಿನಿಂದ ಮೋಟಾರ್ ಎತ್ತಿದ್ದವನು ಅಪ್ಪಯ್ಯಣ್ಣನೇ. "ಮುಚ್ಚಳ ಹಾಕ್ಸೋ, ಮಕ್ಕಳುಮರಿ ಓಡಾಡ್ತವೆ" ಅಂತ ಎಷ್ಟು ಬೈದಿದ್ದ! ಭೀಮರಾಜ ಗೋಣಿಚೀಲ ಹೊದಿಸಿ ಕಲ್ಲು ಇಟ್ಟಿದ್ದ. ಈಗ ಆ ಕಲ್ಲು ಒಂದು ಕಡೆ, ಚೀಲ ಇನ್ನೊಂದು ಕಡೆ ಹಾರಿಬಿದ್ದಿತ್ತು. ನಡುವೆ ತೆಂಗಿನ ಮರದ ಅರ್ಧದಷ್ಟು ಎತ್ತರಕ್ಕೆ ನೀರು ಭೋರೆಂದು ಚಿಮ್ಮುತ್ತಿತ್ತು.

ಭೀಮರಾಜನ ಬಗ್ಗೆ ಒಂದು ಮಾತು ಹೇಳಲೇಬೇಕು. ದೇವನಹಳ್ಳಿ ಕಡೆಯ ಜಮೀನು ಮಾರಿ, ಟೂರಿನವರ ಜೊತೆ ಹದಿನಾಲ್ಕು ದಿನ ಅಮೆರಿಕ ನೋಡಿ ಬಂದವನು. ಬಂದು ಎರಡು ವರ್ಷವಾದರೂ ಅಲ್ಲಿ ಕೊಂಡ ಟೋಪಿ ತಲೆಯಿಂದ ಇಳಿದಿರಲಿಲ್ಲ. ಯೆಲ್ಲೋಸ್ಟೋನ್ ಅನ್ನೋ ರಾಷ್ಟ್ರೀಯ ಉದ್ಯಾನದಲ್ಲಿ ನೆಲದಿಂದ ಬಿಸಿನೀರು ತಾನಾಗಿ ಚಿಮ್ಮುವುದನ್ನು ವೀಡಿಯೋ ಮಾಡಿಕೊಂಡು ಬಂದಿದ್ದ. ಯಾರ ಮನೆಯ ತಿಥಿ ಆದರೂ ಎಲೆ ಮುಂದೆ ಕೂತವರಿಗೆ ಅದನ್ನು ತೋರಿಸುತ್ತಿದ್ದ.

"ಗೈಸರ್ ಕಣ್ರೋ! ಬಚ್ಚಲುಮನೇದಲ್ಲ, ನೆಲದ್ದು! ಅಮೆರಿಕದಲ್ಲಿ ನೋಡಿದ್ನಲ್ಲ, ಅದೇ!" ಎಂದು ಭೀಮರಾಜ ಕುಣಿಯುತ್ತಿದ್ದ. ಪಾಪಯ್ಯ ಆಗಲೇ ಕೆಸರಿನಲ್ಲಿ ಅಡ್ಡಬಿದ್ದಿದ್ದ. "ಗಂಗಮ್ಮ ತಾಯಿ! ನಾನು ಇಟ್ಟ ಪಾಯಿಂಟು! ಎಷ್ಟು ವರ್ಷ ಆದ್ರೂ ನನ್ನ ಕಾಯಿ ಸುಳ್ಳು ಹೇಳಲ್ಲ!" ಆ ಬೋರು ಅಷ್ಟು ವರ್ಷ ಯಾಕೆ ಬತ್ತಿತ್ತು ಅಂತ ಕೇಳುವ ತಲೆ ಅಲ್ಲಿ ಒಂದೂ ಇರಲಿಲ್ಲ.

ಸುಮಾರು ಹತ್ತು ನಿಮಿಷ ಚಿಮ್ಮಿ ನೀರು ಕುಸಿಯಿತು. ಜನ ಅಯ್ಯೋ ಅಂದರು. ನಾಲ್ಕೈದು ನಿಮಿಷಕ್ಕೆ ಮತ್ತೆ ಭೋರ್ ಎಂದಿತು. ಮತ್ತೆ ನಿಂತಿತು, ಮತ್ತೆ ಎದ್ದಿತು. ಭೀಮರಾಜ ಗಡಿಯಾರ ಹಿಡಿದು ಲೆಕ್ಕ ಹಾಕಿದ. "ಕಾಲುಗಂಟೆಗೆ ಒಂದ್ಸಲ! ಅಲ್ಲೂ ಹಿಂಗೇ, ಟೈಮ್ ಪ್ರಕಾರ. ಮುಂದಿನದು ಎಷ್ಟೊತ್ತಿಗೆ ಅಂತ ಬೋರ್ಡ್ ಹಾಕಿರ್ತಾರೆ." ಯಾರದೋ ಹುಟ್ಟುಹಬ್ಬದ ಹಳೇ ಫ್ಲೆಕ್ಸಿನ ಹಿಂಬದಿಯಲ್ಲಿ 'ಮುಂದಿನ ದರ್ಶನ ೧೧-೫೦' ಎಂದು ಬರೆದು ಬೇಲಿಗೆ ಕಟ್ಟಿಸಿದ. ಅರ್ಧ ಗಂಟೆಯಲ್ಲಿ ಮೂರು ಊರಿನ ಜನ ಸೇರಿದರು. ಘಾಟಿ ದೇವಸ್ಥಾನಕ್ಕೆ ಹೊರಟಿದ್ದ ಟೆಂಪೋದವರೂ ಇಳಿದು ಬಂದು ಮೊಬೈಲ್ ಎತ್ತಿ ನಿಂತರು. ಬಸ್ ಸ್ಟಾಪಿನಲ್ಲಿ ಬೋಂಡ ಮಾರುವ ಅನುಸೂಯಮ್ಮ ಬಾಣಲೆ, ಸ್ಟೌವ್ ಹೊತ್ತುತಂದು ಬದುವಿನ ಮೇಲೆ ಬೋಂಡ ಬಿಡಲು ಕೂತಳು. ಇಡೀ ಗುಂಪಿನಲ್ಲಿ ಬುದ್ಧಿ ಇದ್ದವಳು ಅವಳೊಬ್ಬಳೇ.

ಅಪ್ಪಯ್ಯಣ್ಣ ನಿಧಾನವಾಗಿ ಬಂದ. ಚಿಮ್ಮಿದ ನೀರಿಗೆ ಅಂಗೈ ಒಡ್ಡಿದ. ಬೆರಳಲ್ಲಿ ಉಜ್ಜಿದ. ಬೂದಿ ಬಣ್ಣದ ನುಣ್ಣನೆ ಕಲ್ಲುಪುಡಿ. ನೀರು ಕುಸಿದಾಗ ತಿರುಗಿ ಹೊಂಗೆಮರದ ಕಡೆ ನೋಡಿದ. ಅಲ್ಲಿ ಮುತ್ತುವೇಲುವಿನ ಜನ ಹೊಸ ರಾಡು ಸೇರಿಸುತ್ತಿದ್ದರು. ಇಪ್ಪತ್ತು ಅಡಿ ಕೊರೆದರೆ ಒಂದು ರಾಡು ಮುಗಿಯಿತು. ಗಾಳಿ ನಿಲ್ಲಿಸಿ ಇನ್ನೊಂದು ಸೇರಿಸಬೇಕು. ರಾಡು ಸೇರಿತು, ಗಾಡಿ ಗುಡುಗಿತು. ಮೂವತ್ತು ಎಣಿಸುವಷ್ಟರಲ್ಲಿ ಇಲ್ಲಿ ನೀರು ಎದ್ದಿತು.

ಅಪ್ಪಯ್ಯಣ್ಣ ನಕ್ಕ. ಅವನು ನಕ್ಕಿದ್ದನ್ನು ಊರವರು ಕಂಡದ್ದೇ ಅಪರೂಪ.

"ಲೇ ಭೀಮ, ನಿನ್ನ ಅಮೆರಿಕದ್ದು ಯಾಕೆ ಚಿಮ್ಮುತ್ತೆ ಹೇಳು?"

"ಕೆಳಗೆ ಬೆಂಕಿ ಇದೆ."

"ಬೆಂಕಿ ಇದ್ರೆ ಸುಮ್ನೆ ಕುದೀತಾ ಇರ್ಬೇಕು. ಬಿಟ್ಟು ಬಿಟ್ಟು ಯಾಕೆ ಚಿಮ್ಮುತ್ತೆ?"

"ಅದು… ನೇಚರು ಅಪ್ಪಯ್ಯಣ್ಣ."

"ಥೂ. ಅಷ್ಟು ದೂರ ಹೋಗಿ ಟೋಪಿ ತಂದೆ, ವಿಷಯ ಅಲ್ಲೇ ಬಿಟ್ಟು ಬಂದೆ."

ಈ ಪ್ರಶ್ನೆ ಎರಡು ವರ್ಷದ ಹಿಂದೆ, ವೀಡಿಯೋ ನೋಡಿದ ದಿನವೇ ಅಪ್ಪಯ್ಯಣ್ಣನನ್ನು ಕಚ್ಚಿತ್ತು. ಹೈಸ್ಕೂಲಿನ ವಿಜ್ಞಾನದ ಮೇಡಂ ಮೋಟಾರ್ ರಿಪೇರಿಗೆ ಬಂದಾಗ ಸ್ಟೂಲಿನ ಮೇಲೆ ಕೂರಿಸಿ, ಉತ್ತರ ಸಿಗುವ ತನಕ ಮೋಟಾರ್ ಕೊಟ್ಟಿರಲಿಲ್ಲ.

"ಕೇಳ್ರೋ" ಎಂದು ಗುಂಪಿನ ಕಡೆ ತಿರುಗಿದ. "ಪಾತ್ರೇಲಿ ನೀರು ಬೇಗ ಕುದಿಯುತ್ತೆ. ಅದನ್ನೇ ಕುಕ್ಕರಿಗೆ ಹಾಕಿ ವೆಯ್ಟ್ ಇಟ್ರೆ ಅಷ್ಟೇ ಬಿಸಿಗೆ ಕುದಿಯಲ್ಲ, ಇನ್ನೂ ಕಾಯ್ಬೇಕು. ಅಲ್ಲಿ ನೆಲದೊಳಗೆ ಕಾದ ಕಲ್ಲು, ಅದರ ಮೇಲೆ ಒಂದು ಕಿರಿದಾದ ಗಂಟಲು. ಬಿರುಕಿಂದ ನೀರು ಜಿನುಗಿ ಗಂಟಲು ತುಂಬ್ಕೊಳ್ಳುತ್ತೆ. ಮೇಲಿನ ನೀರೇ ಕೆಳಗಿನ ನೀರಿಗೆ ವೆಯ್ಟು. ಹಂಗಾಗಿ ತಳದ ನೀರು ಕುದಿಯೋ ಬಿಸಿ ದಾಟಿದ್ರೂ ಕುದಿಯೋಕಾಗದೆ ಅದುಮ್ಕೊಂಡು ಕೂತಿರುತ್ತೆ. ಕಡೆಗೆ ಒಂದಿಷ್ಟು ಆವಿ ಎದ್ದು ಮೇಲಿನ ನೀರು ಸ್ವಲ್ಪ ಹೊರಕ್ಕೆ ಚೆಲ್ಲುತ್ತೆ. ವೆಯ್ಟ್ ಇಳೀತಾ? ತಳದಲ್ಲಿದ್ದದ್ದು ಒಂದೇ ಏಟಿಗೆ ಆವಿ ಆಗಿ ಇಡೀ ಗಂಟಲನ್ನ ಆಕಾಶಕ್ಕೆ ಉಗಿಯುತ್ತೆ. ಗಂಟಲು ಖಾಲಿ. ಮತ್ತೆ ತುಂಬಬೇಕು, ಮತ್ತೆ ಕಾಯಬೇಕು. ಅದಕ್ಕೇ ಅಲ್ಲಿ ಟೈಮು, ಬೋರ್ಡು. ಗಂಟಲು ಅಗಲ ಇದ್ದಿದ್ರೆ ಚಿಮ್ತಾನೇ ಇರ್ಲಿಲ್ಲ, ಬರೀ ಬಿಸಿನೀರಿನ ಗುಂಡಿ. ಈಗ ಭೀಮ, ನಿನ್ನ ನೀರಿಗೆ ಕೈ ಇಡು."

ಭೀಮರಾಜ ಇಟ್ಟ. "ತಣ್ಣಗಿದೆ."

"ತಣ್ಣಗಿರೋ ಕುಕ್ಕರ್ ಕೂಗಿದ್ದು ಎಲ್ಲಾದ್ರೂ ಕೇಳಿದ್ಯಾ?"

ಅನುಸೂಯಮ್ಮ ಕಿಸಕ್ಕೆಂದಳು. ಬೇರೆ ಯಾರೂ ನಗಲಿಲ್ಲ.

"ಇಲ್ಲಿ ಬೆಂಕಿ ಇಲ್ಲ, ಗಂಗಮ್ಮಾನೂ ಇಲ್ಲ. ನಮ್ಮಕ್ಕನ ಬೋರಿಗೆ ಗಾಡಿ ಊದೋ ಗಾಳಿ. ಕೊರೆದ ಪುಡಿ ಮೇಲೆ ಬರಲಿ ಅಂತ ಕಂಪ್ರೆಸರಲ್ಲಿ ಊದ್ತಾರಲ್ಲ, ಆ ಗಾಳಿ ಐನೂರು ಅಡೀಲಿ ಗೆರೆ ಸಿಕ್ಕಿ ಈ ಕಡೆ ನುಗ್ಗೈತೆ. ನಿನ್ನ ಬೋರಿನ ತಳದಲ್ಲಿದ್ದ ನೀರನ್ನ ಎತ್ತಿ ಎಸೀತೈತೆ. ಅಲ್ಲಿ ರಾಡು ಬದಲಾಯ್ಸೋವಾಗ ಇಲ್ಲಿ ನಿಲ್ಲುತ್ತೆ."

ಇಷ್ಟು ಬಿಡಿಸಿ ಹೇಳಿದ್ದೇ ತಪ್ಪಾಯಿತು. ಪಾಪಯ್ಯ ಕೆಸರು ಒರೆಸಿಕೊಂಡು ಎದ್ದು ನಿಂತ. "ಕೇಳಿದ್ರೇನ್ರಪ್ಪಾ? ಎರಡೂ ಬೋರಿಗೆ ಒಳಗೊಳಗೆ ದಾರಿ ಐತೆ ಅಂತ ಅವನೇ ಒಪ್ಕೊಂಡ. ಇನ್ನು ಸ್ವಲ್ಪ ಕೊರೆದ್ರೆ ಗಂಗಮ್ಮನ್ನ ಆ ಕಡೆ ಎಳ್ಕೊಂಡುಬಿಡ್ತಾರೆ. ಮೊದ್ಲು ಗಾಡಿ ನಿಲ್ಸಿ!"

ಅರ್ಧ ಸತ್ಯವನ್ನು ಕೈಗೆ ಕೊಟ್ಟರೆ ಅದರಲ್ಲೇ ಹೊಡೆಯುವ ಕಲೆ ಪಾಪಯ್ಯನಿಗೆ ಕರಗತ. ನಲವತ್ತು ಜನ ಬೇಲಿ ಹಾರಿ ಗಾಡಿಯನ್ನು ಸುತ್ತುವರಿದರು. ಪಿಳ್ಳಮ್ಮ ಸೊಪ್ಪಿನ ಕುಡುಗೋಲು ಹಿಡಿದೇ ಓಡಿಬಂದಳು.

"ಯಾವನೋ ಅವ್ನು ನನ್ನ ಗಾಡಿ ನಿಲ್ಲಿಸೋನು? ನನ್ನ ತೋಟ ಒಣಗಿದ್ರೆ ನಿಮ್ಮಪ್ಪ ಬಂದು ಸೊಪ್ಪು ಹಾಕ್ತಾನಾ?"

"ಅಕ್ಕೋರೆ, ಊರಿನ ಗಂಗೆ ಅದು" ಎಂದ ಭೀಮರಾಜ, ಟೋಪಿ ಸರಿಮಾಡಿಕೊಂಡು. "ಟೂರಿಸ್ಟ್ ಪ್ಲೇಸ್ ಆಗುತ್ತೆ. ಚಾನಲ್‌ನೋರಿಗೆ ಫೋನ್ ಮಾಡಿದ್ದೀನಿ, ಎರಡು ಗಂಟೆಗೆ ಬರ್ತಾರೆ."

ಮುತ್ತುವೇಲು ಅಪ್ಪಯ್ಯಣ್ಣನ ಕಿವಿಯಲ್ಲಿ ಉಸುರಿದ. "ಅಣ್ಣೇ, ಆರುನೂರಿಪ್ಪತ್ತು ಆಯ್ತು, ಇನ್ನೂ ಧೂಳೇ. ರಾಡು ತಳದಲ್ಲಿ ಬಿಟ್ಟು ನಿಲ್ಲಿಸಿದ್ರೆ ಪುಡಿ ಕೂತು ಕಚ್ಕೊಳ್ಳುತ್ತೆ. ಸಾಯಂಕಾಲದೊಳಗೆ ಮುಗೀಲಿಲ್ಲ ಅಂದ್ರೆ ಬೇರೆ ಬೋರಿಗೆ ಅನುಗೊಂಡನಹಳ್ಳಿಗೆ ಹೋಗ್ಬೇಕು, ಆಮೇಲೆ ತಿರುಗಿ ಬರೋದು ಯಾವಾಗ್ಲೋ."

ಆರುನೂರಿಪ್ಪತ್ತು. ತಾನು ಹೇಳಿದ್ದ ಅಡಿ. ಅಪ್ಪಯ್ಯಣ್ಣ ಗುಂಪಿನ ಕಡೆ ನೋಡಿದ. ಜಗಳ ಆಡಿದರೆ ಹೊತ್ತು ಹೋಗುತ್ತೆ, ಹೊತ್ತು ಹೋದರೆ ಗಾಡಿ ಹೋಗುತ್ತೆ. ಗಿರಾಕಿ ಹಟ ಹಿಡಿದಾಗ ಕೇಳಿದ್ದನ್ನೇ ಕೊಟ್ಟುಬಿಡಬೇಕು. ಮನೆಗೊಯ್ದು ನೋಡಿ ತಾನೇ ವಾಪಸ್ ತರುತ್ತಾನೆ.

"ನಿಲ್ಸು ಮುತ್ತು" ಎಂದ ಗಟ್ಟಿಯಾಗಿ. ಮೆಲ್ಲಗೆ, "ಎರಡು ರಾಡಿನಷ್ಟು ಮೇಲೆತ್ತಿ ನಿಲ್ಸು" ಎಂದು ಸೇರಿಸಿದ.

ಪಿಳ್ಳಮ್ಮ ತಮ್ಮನನ್ನು ನೋಡಿದ ನೋಟಕ್ಕೆ ಹುಳವಾಗಿದ್ದರೆ ಸತ್ತೇಹೋಗುತ್ತಿತ್ತು. "ಬೆನ್ನಿಗೆ ಬಿದ್ದ ತಮ್ಮ ನೀನೇ ಹಿಂಗೆ ಮಾಡಿದ್ಯೇನೋ?"

"ಅಕ್ಕ, ಬಾಯಿ ಮುಚ್ಕೊಂಡು ಒಂದು ಗಂಟೆ ಕೂತ್ಕೋ. ಬೋಂಡ ತಿನ್ನು."

ಗಾಡಿ ನಿಂತಿತು. ಊರು ಗೆದ್ದ ಖುಷಿಯಲ್ಲಿ ಭೀಮರಾಜನ ಹೊಲಕ್ಕೆ ವಾಪಸಾಯಿತು. ಬೋರ್ಡಿನಲ್ಲಿ ೧೨-೫೦ ಅಂತಿತ್ತು. ಪಾಪಯ್ಯ ಅರಿಶಿನ ಕುಂಕುಮ ಎರಚಿ ಕಾಯಿ ಒಡೆದ. ಮೊಬೈಲುಗಳು ಎದ್ದವು. ಹನ್ನೆರಡು ಐವತ್ತು ಬಂತು, ಹೋಯಿತು. ಬೋರು ಆಕಳಿಸಲೂ ಇಲ್ಲ.

"ಅಲ್ಲೂ ಐದ್ಹತ್ತು ನಿಮಿಷ ಹಿಂದೆ ಮುಂದೆ ಆಗುತ್ತೆ" ಎಂದ ಭೀಮರಾಜ. ಒಂದು ಗಂಟೆ ಐದು ಎಂದು ತಿದ್ದಿದ. ಆಮೇಲೆ ಒಂದೂ ಇಪ್ಪತ್ತು. ಆಮೇಲೆ ತಿದ್ದಲು ಫ್ಲೆಕ್ಸಿನಲ್ಲಿ ಜಾಗ ಉಳಿಯಲಿಲ್ಲ. ಘಾಟಿ ಟೆಂಪೋದವರು ದೇವರಾದರೂ ಕಾದಿದ್ದಾನೆ ಎಂದು ಹೊರಟರು. ಮೈಲಿಗೆ ಆದವರು ಯಾರೋ ಬಂದಿದ್ದಾರೆ ಎಂದ ಪಾಪಯ್ಯ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ದೂರ ಸರಿದರು. ನೀರು ಮಾತ್ರ ಬರಲಿಲ್ಲ. ಅಪ್ಪಯ್ಯಣ್ಣ ಬದುವಿನ ಮೇಲೆ ಕೂತು ನಾಲ್ಕನೇ ಬೋಂಡ ಮುಗಿಸಿದ.

ಎರಡು ಗಂಟೆಗೆ ಚಾನಲ್‌ನವರು ರಸ್ತೆ ತಿರುವಿನಲ್ಲಿದ್ದೇವೆ ಎಂದು ಫೋನ್ ಮಾಡಿದರು. ಭೀಮರಾಜ ಟೋಪಿ ಕೈಯಲ್ಲಿ ಹಿಡಿದು ಬಂದ. ಎರಡು ವರ್ಷದಲ್ಲಿ ಅವನ ಬೋಳುತಲೆ ಊರಿಗೆ ಕಂಡದ್ದು ಅವತ್ತೇ.

"ಅಪ್ಪಯ್ಯಣ್ಣ… ಒಂಚೂರು ಗಾಡಿ ಶುರು ಮಾಡ್ಸು."

"ಯಾಕಪ್ಪಾ? ಗಂಗಮ್ಮನ್ನ ಎಳ್ಕೊಂಡುಬಿಡ್ತೀವಿ ನಾವು."

"ಹಂಗಲ್ಲ…"

"ಪಾಪಯ್ಯನೋರೇ, ನೀವೇನಂತೀರಿ?"

ಪಾಪಯ್ಯ ಗಂಟಲು ಸರಿಮಾಡಿಕೊಂಡ. "ಗಂಗಮ್ಮನಿಗೆ ವಾದ್ಯ ಬೇಕಪ್ಪಾ. ಗಾಡಿ ಸದ್ದು ಕೇಳಿ ತಾಯಿ ಖುಷಿಯಾಗಿದ್ಲು. ನಿಲ್ಲಿಸಿದ್ದು ತಪ್ಪಾಯ್ತು."

ಅಪ್ಪಯ್ಯಣ್ಣ ಉಗುಳಬೇಕೆಂದು ಬಾಯಿ ತೆರೆದ. ಈ ತೂಕದ್ದಕ್ಕೆ ಸರಿಯಾದ ಥೂ ತನ್ನ ಅಂಗಡಿಯಲ್ಲೇ ಇಲ್ಲ ಅನ್ನಿಸಿತು. "ಶುರು ಮಾಡಿಸ್ತೀನಿ. ಆದ್ರೆ ಮುತ್ತುವೇಲು ತಾನಾಗಿ ನಿಲ್ಲಿಸೋ ತನಕ ಒಬ್ಬನೂ ಬೇಲಿ ದಾಟಬಾರದು."

"ದಾಟಲ್ಲ" ಎಂದು ಊರೇ ಅಂದಿತು. ಮಧ್ಯಾಹ್ನ ನಿಲ್ಲಿಸಿ ಅಂತ ಕೂಗಿದ್ದು ಇದೇ ಬಾಯಿಗಳು.

ಗಾಡಿ ಗುಡುಗಿತು. ಭೀಮರಾಜನ ಬೋರು ಎದ್ದಿತು. ಮೈಕ್ ಹಿಡಿದ ಹುಡುಗಿಗೆ ಭೀಮರಾಜ ಟೋಪಿ ಹಾಕಿಕೊಂಡು ಅಮೆರಿಕ ವಿವರಿಸಿದ, ಪಾಪಯ್ಯ ಕಾಯಿ ನಿಲ್ಲಿಸಿ ತೋರಿಸಿದ. ಬೇಲಿಯ ಈಚೆ ಆರುನೂರ ನಲವತ್ತಾಯಿತು, ಅರವತ್ತಾಯಿತು, ಏಳುನೂರು ದಾಟಿತು. ಧೂಳು.

"ಲೇ ಅಪ್ಪಯ್ಯ" ಎಂದಳು ಪಿಳ್ಳಮ್ಮ. ದನಿಯಲ್ಲಿ ಕೋಪ ಇರಲಿಲ್ಲ, ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. "ಎಲ್ಲೋ ನಿನ್ನ ಗೆರೆ?"

ಅವನಿಗೆ ತನ್ನ ಮೇಲೇ ಒಂದು ಥೂ ಬಂತು. ತಲೆಯಲ್ಲಿದ್ದ ಲೆಕ್ಕಕ್ಕೂ ಪಾಪಯ್ಯನ ಕಾಯಿಗೂ ಏನು ಫರಕು? ಮುತ್ತುವೇಲು ಮೇಲಿನಿಂದ ಕೈಸನ್ನೆ ಮಾಡಿದ: ಸಾಕಾ? ಅಪ್ಪಯ್ಯಣ್ಣ ಬೇಲಿಯಾಚೆ ನೋಡಿದ. ತಾನು ಬೆಳಗಿನಿಂದ ಹೀಯಾಳಿಸಿದ ಆ ಚಿಲುಮೆ ಇನ್ನೂ ಅಷ್ಟೇ ಎತ್ತರಕ್ಕೆ ಏಳುತ್ತಿತ್ತು. ಹೆಚ್ಚುಕಡಿಮೆ ಮೂರು ಗಂಟೆ ಕಾಲ ಗಾಳಿ ಎತ್ತಿ ಎಸೆದರೂ ಬೋರಿನ ತಳ ಖಾಲಿಯಾಗಿರಲಿಲ್ಲ. ಹಾಗಾದರೆ ಎಲ್ಲಿಂದಲೋ ತುಂಬುತ್ತಿದೆ. ಅಮೆರಿಕದ್ದಕ್ಕೂ ಇದಕ್ಕೂ ಇದ್ದ ಒಂದೇ ಒಂದು ಹೋಲಿಕೆ ಅದು: ಉಗಿದ ಗಂಟಲು ಮತ್ತೆ ತುಂಬಬೇಕು.

"ಗೆರೆ ಸತ್ತಿಲ್ಲ ಅಕ್ಕ, ಕೆಳಗಿಳಿದೈತೆ. ಉಗಿಯೋಕೆ ಅವನ ಹತ್ರ ನೀರಿರೋ ತನಕ ನಮಗೂ ಐತೆ. ಮುತ್ತು, ಇನ್ನೂ ನಾಲ್ಕು ರಾಡು!"

ನಾಲ್ಕನೆಯ ರಾಡಿನ ಅರ್ಧಕ್ಕೆ, ಏಳುನೂರ ತೊಂಬತ್ತರಲ್ಲಿ, ಧೂಳು ಕಪ್ಪಾಯಿತು, ಕೆಸರಾಯಿತು, ನೀರಾಯಿತು. ಮುತ್ತುವೇಲು ಹರಿವು ಅಳೆದು ಎರಡೂವರೆ ಇಂಚು ಎಂದು ಬೆರಳು ತೋರಿಸಿದ. ಪಿಳ್ಳಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಆರುನೂರಿಪ್ಪತ್ತು ಅಂದಿದ್ಯಲ್ಲೋ ಮೂದೇವಿ" ಎಂದು ತಮ್ಮನ ಬೆನ್ನಿಗೆ ಒಂದು ಗುದ್ದಿದಳು. ಜ್ವರ ಬಿಟ್ಟ ಹುಳ ಹಸಿದಿದ್ದವು, ಸೊಪ್ಪು ಕೊಯ್ಯಲು ಹೋದಳು.

ಗಾಡಿ ಮಡಚಿಕೊಂಡು ಅನುಗೊಂಡನಹಳ್ಳಿಗೆ ಹೊರಟಿತು. ಬೇಲಿಯಾಚೆಯ ಚಿಲುಮೆ ಕುಸಿಯಿತು, ಮತ್ತೆ ಏಳಲಿಲ್ಲ. ಪಿಳ್ಳಮ್ಮನ ದುರಾಸೆಗೆ ಗಂಗಮ್ಮ ಮುನಿದಳು ಎಂದು ಪಾಪಯ್ಯ ಸಾರಿದ. ಬೆಳಗಿನಿಂದ ಕಣ್ಣಾರೆ ಎಲ್ಲ ಕಂಡ ಜನ ಹೌದು ಹೌದು ಅನ್ನುತ್ತ ಮನೆಗೆ ಹೋದರು. ಅನುಸೂಯಮ್ಮ ಖಾಲಿ ಬಾಣಲೆ ತೊಳೆದು ಹೊತ್ತುಕೊಂಡಳು.

ಹೊತ್ತು ಮುಳುಗುವ ಮುಂಚೆ ಅಪ್ಪಯ್ಯಣ್ಣ ಅಂಗಡಿಗೆ ಹೋಗಿ ಬೋರಿನ ಬಾಯಿಯ ಕೇಸಿಂಗ್ ಪೈಪಿಗೆ ಹಾಕುವ ಮುಚ್ಚಳ, ಸ್ಪ್ಯಾನರ್ ತಂದ. ಭೀಮರಾಜ ಒಬ್ಬನೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಟೋಪಿ ಇಟ್ಟುಕೊಂಡು, ಮೊಬೈಲನ್ನು ಬೋರಿನ ಕಡೆ ಹಿಡಿದು ಕೂತಿದ್ದ. ಅಪ್ಪಯ್ಯಣ್ಣ ಮುಚ್ಚಳ ಕೂರಿಸಿ ಬೋಲ್ಟು ಬಿಗಿಯತೊಡಗಿದ.

"ಅಯ್ಯೋ ಬೇಡ ಅಪ್ಪಯ್ಯಣ್ಣ! ಗಂಗಮ್ಮ ಮತ್ತೆ ಬಂದ್ಬಿಟ್ರೆ?"

ಅಪ್ಪಯ್ಯಣ್ಣ ಒಂಬತ್ತು ಬೆರಳಿನಲ್ಲಿ ಕೊನೆಯ ಬೋಲ್ಟನ್ನೂ ಬಿಗಿದು ಎದ್ದು ನಿಂತ.

"ಬಂದ್ರೆ ಒಳಗಿಂದ ತಟ್ತಾಳೆ. ಆಗ ತೆಗಿ."